ಬ್ರಾಯ್ಲರ್ ಕೋಳಿ ಕುಂಟಿದರೆ ಎಲ್ಲಿಂದ ಹುಡುಕಬೇಕು: ಕಾಲು ಮತ್ತು ಮೂಳೆಯ ದೋಷ ನಿವಾರಣೆ ಕೈಪಿಡಿ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಕಡೆಯಾಗಲಿ, ಬ್ರಾಯ್ಲರ್ ಶೆಡ್ಡಿನಲ್ಲಿ ಹತ್ತಿಪ್ಪತ್ತು ಕೋಳಿ ಕುಂಟತೊಡಗಿದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಸಾಕುವವರು "ಈ ಸಲದ ಮರಿಯೇ ಸರಿ ಇಲ್ಲ, ತಳಿ ಕೆಟ್ಟಿದೆ" ಎನ್ನುತ್ತಾರೆ. ಮರಿ ಕೊಟ್ಟವರು "ನಿಮ್ಮ ಶೆಡ್ಡಿನ ನಿರ್ವಹಣೆ ಸರಿ ಇಲ್ಲ" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಯಾವ ಲಕ್ಷಣಕ್ಕೆ ಯಾವ ಕಾರಣ ಎಂಬುದನ್ನು ಬಿಡಿಸಿ ನೋಡದ ಹೊರತು ವಾದ ಮುಗಿಯುವುದಿಲ್ಲ, ಅಷ್ಟರಲ್ಲಿ ಬ್ಯಾಚ್ ಮುಗಿದಿರುತ್ತದೆ.

ತಳಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಕೋಳಿ ತಳಿಗಳನ್ನು ಒಂದೇ ಆಹಾರ ಕೊಟ್ಟು ಒಟ್ಟಿಗೆ ಬೆಳೆಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ ಮೊದಲನೆಯದು ಸುಮಾರು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಆಹಾರ ಒಂದೇ ಆಗಿದ್ದುದರಿಂದ ಈ ವ್ಯತ್ಯಾಸ ಬಹುತೇಕ ವಂಶವಾಹಿಗಳದ್ದು. ಇಷ್ಟು ಬೇಗ ಏರುವ ಭಾರವನ್ನು ಹೊರಬೇಕಾದ ಮೂಳೆ ಇನ್ನೂ ಎಳೆಯದಾಗಿರುತ್ತದೆ. ಹಾಗಾಗಿ ಇಂದಿನ ಬ್ರಾಯ್ಲರ್ ಹುಟ್ಟುವಾಗಲೇ ಕಾಲಿನ ದೋಷಕ್ಕೆ ಹತ್ತಿರದಲ್ಲಿರುತ್ತದೆ, ಅದನ್ನು ದೋಷದೊಳಕ್ಕೆ ತಳ್ಳುವುದು ಹೆಚ್ಚಿನ ಸಲ ಶೆಡ್ಡು, ಮೇವು, ನೀರು. ಇವುಗಳನ್ನು ನೋಡುವುದಕ್ಕೆ ಖರ್ಚು ಕಡಿಮೆ, ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು.

ಕುಂಟು ಕಾಣಿಸಿದ ದಿನ: ಔಷಧಕ್ಕೆ ಮೊದಲು ಎಣಿಕೆ

ಬೆಳಗಿನ ತಂಪಿನಲ್ಲಿ ಶೆಡ್ಡಿನೊಳಗೆ ಗಾಬರಿಯಾಗದಂತೆ ನಿಧಾನವಾಗಿ ನಡೆದು, ಮೂಲೆಗಳೂ ಸೇರಿದಂತೆ ನಾಲ್ಕೈದು ಕಡೆ ಕೋಳಿಗಳು ಎದ್ದು ಸರಿಯುವ ರೀತಿಯನ್ನು ನೋಡಬೇಕು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 1992ರಲ್ಲಿ ರೂಪಿಸಿದ ನಡಿಗೆಯ ಅಂಕಪದ್ಧತಿ ಇಂದಿಗೂ ಬಳಕೆಯಲ್ಲಿದೆ: ಸರಾಗವಾಗಿ ನಡೆಯುವ ಕೋಳಿಗೆ 0, ದೋಷ ಸ್ಪಷ್ಟವಾಗಿದ್ದು ಓಡಾಟಕ್ಕೆ ಅಡ್ಡಿಯಾದರೆ 3, ನಡೆಯಲೇ ಆಗದಿದ್ದರೆ 5. ಈ ಅಂಕಗಳನ್ನು ದಿನವೂ ಪುಸ್ತಕದಲ್ಲಿ ಬರೆದಿಟ್ಟರೆ, ತೊಂದರೆ ಎಂದು ಶುರುವಾಯಿತು, ಹುಂಜದಲ್ಲಿ ಹೆಚ್ಚೋ ಹೇಂಟೆಯಲ್ಲಿ ಹೆಚ್ಚೋ, ಶೆಡ್ಡಿನ ಒಂದೇ ಬದಿಗೆ ಸೀಮಿತವೋ ಎಂಬುದು ಮೂರು ದಿನದಲ್ಲಿ ತಿಳಿಯುತ್ತದೆ. ಒಂದೇ ಬದಿಯಲ್ಲಿ ಮಾತ್ರ ಕುಂಟು ಕಂಡರೆ ತಳಿಯನ್ನು ದೂರುವ ಮುನ್ನ ಆ ಬದಿಯ ಹಾಸು (ನೆಲಕ್ಕೆ ಹರಡಿದ ಹೊಟ್ಟು), ಡ್ರಿಂಕರ್ (ನೀರು ಕುಡಿಸುವ ಸಾಧನ) ಮತ್ತು ಮಾಡಿನ ಸೋರಿಕೆಯನ್ನು ನೋಡಬೇಕು, ಏಕೆಂದರೆ ಕೆಟ್ಟ ವಂಶವಾಹಿಯುಳ್ಳ ಮರಿಗಳು ಶೆಡ್ಡಿನ ಒಂದೇ ಮೂಲೆಯಲ್ಲಿ ಗುಂಪುಗೂಡುವುದಿಲ್ಲ.

ಅನುಮಾನ ಉಳಿದರೆ ಖರ್ಚಿಲ್ಲದ ಇನ್ನೊಂದು ಪರೀಕ್ಷೆಯಿದೆ. ಅಗಲವಾದ ತೊಟ್ಟಿಯಲ್ಲಿ ಸುಮಾರು 3 ಸೆಂ.ಮೀ. ಉಗುರುಬೆಚ್ಚಗಿನ ನೀರು ನಿಲ್ಲಿಸಿ ಕೋಳಿಯನ್ನು ಅದರಲ್ಲಿ ಬಿಡಬೇಕು. ನೀರಿನಲ್ಲಿ ಕೂರುವುದು ಕೋಳಿಗೆ ಇಷ್ಟವಿಲ್ಲದ ಕಾರಣ ಕಾಲಿನಲ್ಲಿ ಬಲವಿರುವಷ್ಟು ಹೊತ್ತು ಅದು ನಿಂತೇ ಇರುತ್ತದೆ. ಗಟ್ಟಿ ಕಾಲಿನ ಕೋಳಿ ಹತ್ತು ನಿಮಿಷವಾದರೂ ನಿಲ್ಲಬಲ್ಲದು, ನೋವಿರುವುದು ಬೇಗ ಕುಸಿಯುತ್ತದೆ. ಕುಸಿದ ಕೂಡಲೇ ಎತ್ತಿ ಒರೆಸಿ ಬೆಚ್ಚಗಿಡಬೇಕು.

ಮೊದಲ ವಾರದಲ್ಲೇ ಕಾಲು ಅಗಲಿಸಿದ ಅಥವಾ ಬೆರಳು ಸೊಟ್ಟಗಾದ ಮರಿಗಳು

ಕಾಲು ಎರಡೂ ಬದಿಗೆ ಜಾರಿದ ಮರಿಗೆ ಸಾಮಾನ್ಯ ಕಾರಣ ನುಣುಪು ನೆಲ. ಮರಿಗೆ ಕಾವು ಕೊಡುವ ಬ್ರೂಡರಿನಲ್ಲಿ ಹೊಳಪಿನ ಕಾಗದವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಸಿದ್ದರೆ ತೆಗೆದು ಒರಟು ಕಾಗದ ಹಾಸಬೇಕು. ಕಾವು ಸಾಕಾಗಿದೆಯೇ ಎಂದೂ ನೋಡಬೇಕು: ಮೊದಲ ದಿನ ಮರಿಯ ಮಟ್ಟದಲ್ಲಿ 32ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ಅಲ್ಲಿಂದ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮಳೆಗಾಲದಲ್ಲಿ ಇದ್ದಿಲು ಅಥವಾ ಗ್ಯಾಸ್ ಬ್ರೂಡರ್ ಉರಿಸಿ ಪರದೆಗಳನ್ನೆಲ್ಲ ಮುಚ್ಚಿ ಒಳಗೇ ಮಲಗುವ ರೂಢಿ ಕೆಲವೆಡೆ ಇದೆ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಮರಿಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ಮಾಡಿನ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಲೇಬೇಕು.

ಬೆರಳುಗಳು ಒಳಕ್ಕೆ ಮುಷ್ಟಿಯಂತೆ ಸುರುಳಿಯಾಗಿ, ಮರಿ ಮಂಡಿಯ ಮೇಲೆ ತೆವಳುತ್ತಿದ್ದರೆ ಅದು ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಕೊರತೆಯ ಲಕ್ಷಣ. (ಪುಕ್ಕ ಮುಗಿದು ಹುರುಪೆ ಚರ್ಮ ಶುರುವಾಗುವ ಕೀಲನ್ನು ಇಲ್ಲಿ ಜನರ ಮಾತಿನಂತೆ ಮಂಡಿ ಎಂದೇ ಕರೆದಿದೆ.) ಬೇಗ ಗುರುತಿಸಿ ನೀರಿನಲ್ಲಿ ಬಿ ಜೀವಸತ್ವ ಕೊಟ್ಟರೆ ಚೇತರಿಕೆ ಸಾಧ್ಯ, ನರಕ್ಕೆ ಹಾನಿಯಾಗಿ ದಿನ ಕಳೆದಿದ್ದರೆ ಇಲ್ಲ. ಬೆರಳು ಪಕ್ಕಕ್ಕೆ ಮಾತ್ರ ತಿರುಗಿದ್ದು ಮರಿ ಚುರುಕಾಗಿದ್ದರೆ ಅದು ಮೊಟ್ಟೆಗೆ ಕಾವು ಕೊಟ್ಟ ಹಂತದ ಅಥವಾ ತಾಯಿ ಕೋಳಿಯ ವಿಷಯ. ಅದೇ ದಿನ ಅದೇ ಹ್ಯಾಚರಿಯಿಂದ ಮರಿ ಪಡೆದ ಬೇರೆ ಶೆಡ್ಡಿನವರನ್ನು ಕೇಳಬೇಕು.

ಎರಡು ಮೂರು ವಾರಕ್ಕೆ ಕೂತೇ ಇರುತ್ತವೆ, ಕೊಕ್ಕು ಮೆತ್ತಗಿದೆ

ಕೊಕ್ಕನ್ನು ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಬಾಗುತ್ತದೆ, ಎದೆಮೂಳೆ ಡೊಂಕಾಗಿದೆ, ಮರಿ ಎರಡು ಹೆಜ್ಜೆ ಹಾಕಿ ಕೂರುತ್ತದೆ ಎಂದಾದರೆ ಅದು ಮೂಳೆ ಗಟ್ಟಿಯಾಗದ ರಿಕೆಟ್ಸ್. ಆಗಷ್ಟೇ ಸತ್ತ ಮರಿಯ ಲೆಗ್‌ಪೀಸಿನ ಉದ್ದ ಮೂಳೆಯನ್ನು, ಅಂದರೆ ಟಿಬಿಯಾವನ್ನು ಬಿಡಿಸಿ ಎರಡು ಕೈಯಲ್ಲಿ ಬಗ್ಗಿಸಿ ನೋಡಿದರೆ ಸಂಶಯ ಹೆಚ್ಚು ಉಳಿಯುವುದಿಲ್ಲ: ಆರೋಗ್ಯವಂತ ಮೂಳೆ ಲಟಕ್ಕೆಂದು ಮುರಿಯುತ್ತದೆ, ರಿಕೆಟ್ಸ್ ಇರುವ ಮೂಳೆ ಮುರಿಯದೆ ಬಾಗುತ್ತದೆ. ಪಕ್ಕೆಲುಬು ಬೆನ್ನುಮೂಳೆಗೆ ಸೇರುವಲ್ಲಿ ಮಣಿ ಪೋಣಿಸಿದಂತೆ ಗಂಟುಗಳೂ ಇರುತ್ತವೆ. ಈ ಪರೀಕ್ಷೆಯನ್ನು ಕುಂಟುವ ಕಾರಣಕ್ಕೆ ತೆಗೆದ ಒಂದೆರಡು ಮರಿಗಳ ಮೇಲೆ ಮಾತ್ರ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಮಾಡಬೇಕು. ಶೆಡ್ಡಿನಲ್ಲಿ ಸಾವು ಒಮ್ಮೆಲೇ ಏರಿದ್ದರೆ ಒಂದನ್ನೂ ಕೊಯ್ಯಬಾರದು, ಕಾರಣವನ್ನು ಮುಂದೆ ಹೇಳಿದೆ.

ರಿಕೆಟ್ಸ್ ಎಂದ ಕೂಡಲೇ ಸುಣ್ಣದ, ಅಂದರೆ ಕ್ಯಾಲ್ಸಿಯಂನ ಕೊರತೆ ಎಂದು ತೀರ್ಮಾನಿಸುವುದು ನಮ್ಮ ಕರಾವಳಿಯಲ್ಲಿ ವಿಶೇಷವಾಗಿ ಅಪಾಯಕಾರಿ, ಏಕೆಂದರೆ ಇಲ್ಲಿ ಅಘನಾಶಿನಿ, ಕಾಳಿ ನದಿಗಳ ಅಳಿವೆಯ ಬಳಚಿನ (ಒಂದು ಬಗೆಯ ಚಿಪ್ಪುಜೀವಿ) ಚಿಪ್ಪು ಸುಲಭವಾಗಿ ಸಿಗುತ್ತದೆ, ಮೊಟ್ಟೆ ಕೋಳಿಗೆ ಹಾಕುವ ಚಿಪ್ಪಿನ ಪುಡಿಯನ್ನು ಬ್ರಾಯ್ಲರಿಗೂ ಕೈಅಳತೆಯಲ್ಲಿ ಹಾಕುವವರಿದ್ದಾರೆ. ಮೊದಲ ಮೂರು ವಾರದ ಬ್ರಾಯ್ಲರ್ ಆಹಾರದಲ್ಲಿ ಸುಣ್ಣಾಂಶ ಶೇ. 1ರ ಆಸುಪಾಸು, ಜೀರ್ಣವಾಗಬಲ್ಲ ರಂಜಕ (ಫಾಸ್ಫರಸ್) ಶೇ. 0.45ರ ಆಸುಪಾಸು ಇದ್ದರೆ ಸಾಕು. ಎರಡರ ನಡುವಣ ಸುಮಾರು 2:1ರ ಅನುಪಾತವೇ ಮುಖ್ಯ. ಸುಣ್ಣ ಅತಿಯಾದರೆ ಕರುಳಿನಲ್ಲಿ ರಂಜಕವನ್ನು ಹಿಡಿದುಕೊಂಡು ಹೊರಹೋಗುತ್ತದೆ, ಚಿಪ್ಪು ಹಾಕಿದಷ್ಟೂ ಮೂಳೆ ಮೆತ್ತಗಾಗುತ್ತದೆ. ಸಿದ್ಧ ಆಹಾರ ಕೊಡುತ್ತಿರುವವರು ಮೇಲಿಂದ ಚಿಪ್ಪು ಸೇರಿಸಲೇಬಾರದು.

ಸುಣ್ಣ, ರಂಜಕದ ನಂತರ ಮೂರನೆಯ ಕಾರಣ ಡಿ3 ಜೀವಸತ್ವದ ಕೊರತೆ. ಪರದೆ ಕಟ್ಟಿದ ಶೆಡ್ಡಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಿ, ಕೋಳಿಗೆ ಬಿಸಿಲು ಸಿಗದ ಕಾರಣ ಡಿ3 ಎಲ್ಲವೂ ಆಹಾರದಿಂದಲೇ ಬರಬೇಕು. ಮೇವಿನ ಚೀಲದ ತಯಾರಿಕೆ ದಿನಾಂಕ ನೋಡಿ, ಚೀಲಗಳು ನೆಲಕ್ಕೆ ಅಥವಾ ಗೋಡೆಗೆ ತಾಗಿವೆಯೇ ನೋಡಿ, ಮುಷ್ಟಿಯಲ್ಲಿ ಹಿಡಿದು ಮೂಸಿ. ಮುಗ್ಗಲು ವಾಸನೆ, ಗಂಟು, ಹಸಿರು ಅಥವಾ ಬೂದು ಬೂಷ್ಟು ಕಂಡರೆ ಆ ಚೀಲವನ್ನು ಬಳಸುವಂತಿಲ್ಲ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಡಿ3 ತನ್ನ ಕೆಲಸಕ್ಕೆ ಸಿದ್ಧವಾಗುವ ಮೊದಲ ಹಂತ ನಡೆಯುವುದು ಯಕೃತ್ತಿನಲ್ಲೇ. ಹೀಗಾಗಿ ಚೀಟಿಯಲ್ಲಿ ಬರೆದ ಜೀವಸತ್ವವೆಲ್ಲ ಆಹಾರದಲ್ಲಿದ್ದರೂ ಮೂಳೆಗೆ ತಲುಪದಿರಬಹುದು. ಸ್ವಂತ ಮೇವು ಕೂಡಿಸುವವರು ತೇವಾಂಶ ಶೇ. 12-13ಕ್ಕಿಂತ ಹೆಚ್ಚಿರುವ ಮೆಕ್ಕೆಜೋಳವನ್ನು ಕರಾವಳಿಯ ಗಾಳಿಯಲ್ಲಿ ಶೇಖರಿಸಬಾರದು. ಬೂಷ್ಟು ಹಿಡಿದ ಮೇವನ್ನು ದನಕ್ಕೂ ಹಾಕಬಾರದು, ವಿಷ ಹಾಲಿಗೆ ಇಳಿಯುತ್ತದೆ.

ಮೇವಿನ ದೋಷದಿಂದಾದ ರಿಕೆಟ್ಸ್ ಒಂದೇ ಮೇವು ತಿಂದ ಬಹುಪಾಲು ಮರಿಗಳಲ್ಲಿ ಏಕಕಾಲಕ್ಕೆ ಕಾಣುತ್ತದೆ. ತಳಿಯ ಒಲವಿನಿಂದ ಬರುವ ದೋಷ ಅಲ್ಲೊಂದು ಇಲ್ಲೊಂದರಂತೆ ಚದುರಿರುತ್ತದೆ.

ಮೂರನೇ ವಾರದ ನಂತರ ಕಾಲು ಹೊರಕ್ಕೋ ಒಳಕ್ಕೋ ಬಾಗುತ್ತದೆ

ಚದುರಿದ ದೋಷ ಎಂದರೆ ಮುಖ್ಯವಾಗಿ ಇದೇ. ಮಂಡಿಯಿಂದ ಕೆಳಗಿನ ಕಾಲು ಹೊರಕ್ಕೆ ಬಾಗುವುದು ಹೆಚ್ಚು, ಒಳಕ್ಕೆ ಬಾಗುವುದು ಕಡಿಮೆ. ಬೇಗ ತೂಕ ಏರಿದ ಹುಂಜಗಳಲ್ಲಿ ಅಧಿಕ. ಮಂಡಿಯ ಹಿಂಬದಿಯ ಸ್ನಾಯುರಜ್ಜು ಪಕ್ಕಕ್ಕೆ ಜಾರಿದ್ದು, ಕೀಲು ಊದಿ ಚಪ್ಪಟೆಯಾಗಿದ್ದರೆ ಮ್ಯಾಂಗನೀಸ್, ಕೋಲಿನ್ ಅಥವಾ ಬಯೋಟಿನ್ ಕೊರತೆಯನ್ನೂ ಸಂಶಯಿಸಬೇಕು.

ಟಿಬಿಯಾದ ಮೇಲ್ತುದಿಯನ್ನು ಚೂಪು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದರೆ ಇನ್ನೊಂದು ದೋಷ ಪತ್ತೆಯಾಗುತ್ತದೆ. ಬೆಳವಣಿಗೆ ಫಲಕ ಎಂಬ ಮೃದ್ವಸ್ಥಿಯ ಪದರ ಆರೋಗ್ಯವಂತ ಕೋಳಿಯಲ್ಲಿ ತೆಳು ಗೆರೆಯಂತಿರುತ್ತದೆ. ಟಿಬಿಯಲ್ ಡಿಸ್ಕಾಂಡ್ರೋಪ್ಲೇಸಿಯಾ ಇದ್ದರೆ ಅದರ ಕೆಳಗೆ ಬಿಳಿಯ, ಅರೆಪಾರದರ್ಶಕವಾದ, ರಕ್ತನಾಳವಿಲ್ಲದ ಮೃದ್ವಸ್ಥಿಯ ಬಿರಡೆ ಮೂಳೆಯೊಳಕ್ಕೆ ಇಳಿದಿರುತ್ತದೆ. ರಕ್ತನಾಳ ಬಾರದ ಕಡೆ ಮೃದ್ವಸ್ಥಿ ಮೂಳೆಯಾಗುವುದಿಲ್ಲ, ಭಾರಕ್ಕೆ ಮೂಳೆ ಬಾಗುತ್ತದೆ. ಈ ದೋಷದ ಒಲವು ವಂಶದಿಂದ ಬರುತ್ತದೆ ಎಂಬುದು ಖಚಿತವಾಗಿದೆ: ಒಂದೇ ತಳಿಯಿಂದ ಆಯ್ಕೆ ಮಾಡುತ್ತಾ ಹೋಗಿ ಹೆಚ್ಚು ದೋಷದ ಮತ್ತು ಕಡಿಮೆ ದೋಷದ ಎರಡು ಸಾಲುಗಳನ್ನು ಸಂಶೋಧಕರು ಬೆಳೆಸಿದ್ದಾರೆ.

ಆದರೂ ಆ ಒಲವನ್ನು ಎಬ್ಬಿಸುವ ಕಾರಣಗಳಲ್ಲಿ ಎರಡನ್ನು ನಮ್ಮ ಜಿಲ್ಲೆಯಲ್ಲಿ ತಪ್ಪದೆ ಪರೀಕ್ಷಿಸಬೇಕು. ಮೊದಲನೆಯದು ಉಪ್ಪು. ಆಹಾರದಲ್ಲಿ ಉಪ್ಪಿನ ಕ್ಲೋರೈಡ್ ಅಂಶ ಅತಿಯಾದರೆ ಈ ದೋಷ ಹೆಚ್ಚುತ್ತದೆ. ಗಜನಿ ಬಯಲಿನ (ಉಪ್ಪುನೀರು ನುಗ್ಗುವ ಅಳಿವೆಯ ಗದ್ದೆ) ಅಂಚಿನ ಬಾವಿಗಳ ನೀರು ಮಾರ್ಚ್ ಕಳೆದ ಮೇಲೆ ಸಪ್ಪೆಯಾಗಿ ಉಳಿಯುವುದಿಲ್ಲ. ಅದರ ಜೊತೆಗೆ ಅಗ್ಗವೆಂದು ಒಣಮೀನಿನ ಪುಡಿ ಸೇರಿಸಿ, ಬಿಸಿಲಿಗೆಂದು ಎಲೆಕ್ಟ್ರೋಲೈಟನ್ನೂ ಕೊಟ್ಟರೆ ಮೂರು ದಿಕ್ಕಿನಿಂದ ಉಪ್ಪು ಸೇರುತ್ತದೆ. ಬಾವಿ ನೀರನ್ನು ಟಿಡಿಎಸ್ ಮೀಟರಿನಲ್ಲಿ (ಕರಗಿದ ಲವಣ ಅಳೆಯುವ ಸಾಧನ) ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅಳೆದು ಹೋಲಿಸಬೇಕು. ಬೇಸಿಗೆಯ ಅಂಕಿ ಹಲವು ಪಟ್ಟು ಏರಿದ್ದರೆ ಪ್ರಯೋಗಾಲಯದಲ್ಲಿ ಕ್ಲೋರೈಡ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬೇರೆ ನೀರು ಕೊಡಬೇಕು.

ಎರಡನೆಯದು ಬಿತ್ತನೆ ಬೀಜ. ಹಳಿಯಾಳ, ಮುಂಡಗೋಡ ಕಡೆ ಮೆಕ್ಕೆಜೋಳ ಬೆಳೆಯುತ್ತಾರೆ, ಬಿತ್ತಿ ಉಳಿದ ಬಣ್ಣದ ಬೀಜ ಕೆಲವೊಮ್ಮೆ ಕೋಳಿ ಮೇವಿಗೆ ಬರುತ್ತದೆ. ಬೀಜೋಪಚಾರಕ್ಕೆ ಬಳಸುವ ಥೈರಮ್ ಎಂಬ ಶಿಲೀಂಧ್ರನಾಶಕ ಇದೇ ದೋಷವನ್ನು ನೇರವಾಗಿ ಉಂಟುಮಾಡುತ್ತದೆ, ಎಷ್ಟೆಂದರೆ ಸಂಶೋಧಕರು ಈ ರೋಗವನ್ನು ಬರಿಸಿ ಅಧ್ಯಯನ ಮಾಡಲು ಬಳಸುವುದೇ ಅದನ್ನು. ಬಣ್ಣ ಲೇಪಿಸಿದ ಕಾಳನ್ನು ತೊಳೆದೂ ಹಾಕಬಾರದು. ಅದನ್ನು ತಿಂದ ಕೋಳಿ ಮನುಷ್ಯರ ಊಟಕ್ಕೂ ಯೋಗ್ಯವಲ್ಲ.

ಎರಡೂ ಇಲ್ಲವೆಂದಾದರೆ ಬೆಳವಣಿಗೆಯ ವೇಗವನ್ನೇ ಸ್ವಲ್ಪ ತಡೆಯಬೇಕು. ಮೊದಲ ವಾರದ ನಂತರ ರಾತ್ರಿ ನಾಲ್ಕರಿಂದ ಆರು ಗಂಟೆ ಪೂರ್ತಿ ಕತ್ತಲೆ ಕೊಟ್ಟರೆ ಮೂಳೆಗೆ ಸಾವಕಾಶ ಸಿಗುತ್ತದೆ. ಆ ದಿನಗಳಲ್ಲಿ ತೂಕ ತುಸು ಹಿಂದೆ ಬಿದ್ದರೂ ಕೊನೆಯ ವಾರಗಳಲ್ಲಿ ಕೋಳಿ ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಕರೆಂಟ್ ಇದ್ದಷ್ಟು ಹೊತ್ತೂ ಬಲ್ಬು ಉರಿಸಿ ತಿನ್ನಿಸಬೇಕೆಂಬ ಒತ್ತಾಯದಿಂದ ಲಾಭಕ್ಕಿಂತ ಕುಂಟು ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ. ಕಾಲು ಬಾಗಿದ ಕೋಳಿ ಮಾತ್ರ ನೆಟ್ಟಗಾಗುವುದಿಲ್ಲ, ಈ ಕ್ರಮ ಉಳಿದವುಗಳಿಗಾಗಿ.

ಒಂದೇ ಕಾಲು ಎಳೆಯುತ್ತದೆ, ಏಳಲು ರೆಕ್ಕೆ ಊರುತ್ತದೆ

ನಾಲ್ಕನೇ ವಾರದ ನಂತರ, ಚೆನ್ನಾಗಿದ್ದ ಕೋಳಿ ಒಂದೆರಡು ದಿನದಲ್ಲೇ ಕುಂಟಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಊರಿ ಏಳಲು ಹೆಣಗಿದರೆ ತೊಡೆಮೂಳೆಯ ತಲೆ ಕೊಳೆಯುತ್ತಿರುವ ಸಾಧ್ಯತೆ ಹೆಚ್ಚು. ವೇಗವಾಗಿ ಬೆಳೆಯುವ ಮೂಳೆಯ ತುದಿಯಲ್ಲಿ ಭಾರದಿಂದ ಸೂಕ್ಷ್ಮ ಬಿರುಕುಗಳಾಗುತ್ತವೆ. ಕರುಳಿನಿಂದಲೋ ಶ್ವಾಸದಿಂದಲೋ ರಕ್ತಕ್ಕೆ ಸೇರಿದ ಸ್ಟಫೈಲೊಕಾಕಸ್, ಎಂಟರೊಕಾಕಸ್, ಇ. ಕೋಲೈ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತವೆ. ಸತ್ತ ಕೋಳಿಯ ತೊಡೆಯನ್ನು ಸೊಂಟದ ಕೀಲಿನಿಂದ ಬಿಡಿಸಿದಾಗ ನುಣುಪಾದ ಬಿಳಿ ತಲೆ ಹೊರಬರುವ ಬದಲು ಅದು ಕಳಚಿ, ಕೆಳಗೆ ಹಳದಿ ಅಥವಾ ಕಂದು ಬಣ್ಣದ ಪುಡಿಪುಡಿ ಮೂಳೆ ಕಾಣುತ್ತದೆ.

ಇಲ್ಲಿ ಅಗ್ಗದ ಪರೀಕ್ಷೆ ಹಾಸಿನದು. ಹೊಟ್ಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಕೈ ಬಿಚ್ಚಿದಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಹೆಚ್ಚು. ಶೇ. 20ರಿಂದ 25ರ ತೇವ ಹಿತವಾದುದು. ಕಾರವಾರದಲ್ಲಿ ವರ್ಷಕ್ಕೆ ಸರಾಸರಿ ಮೂರು ಸಾವಿರ ಮಿ.ಮೀ. ಆಸುಪಾಸು ಬೀಳುವ ಮಳೆಯಲ್ಲಿ ಇದು ಸುಲಭವಲ್ಲ. ಮಾಡನ್ನು ಹೊರಕ್ಕೆ ಚಾಚುವುದು, ನಿಪ್ಪಲ್ ಸೋರಿಕೆ ನಿಲ್ಲಿಸುವುದು, ದಿನಕ್ಕೊಮ್ಮೆ ಹಾಸು ಕೆದಕುವುದು, ಒದ್ದೆಯಾದ ತುಂಡನ್ನು ಅಂದೇ ತೆಗೆದು ಒಣ ಉಮಿ ಹಾಕುವುದು ಔಷಧಕ್ಕಿಂತ ಮುಖ್ಯ. ಘಟ್ಟದ ಮೇಲೆ ದನದ ಕೊಟ್ಟಿಗೆಗೆ ದರಕು (ಒಣ ಎಲೆ) ಹಾಸುವ ರೂಢಿಯಿದೆ, ಆದರೆ ಅದು ಕೋಳಿ ಶೆಡ್ಡಿಗೆ ಒಗ್ಗದು. ಎಲೆಗಳು ತೇವದಲ್ಲಿ ಚಪ್ಪಡಿಯಾಗಿ ಬೂಷ್ಟು ಹಿಡಿಯುತ್ತವೆ. ಒದ್ದೆ ಶೆಡ್ಡಿನೊಳಗೆ ಹೋಗುವ ಮುನ್ನ ಬಲ್ಬಿನ ವಯರಿಗೆ ಎಲ್ಲಾದರೂ ಸುಲಿದ ಭಾಗವಿದೆಯೇ ಎಂದು ಮೇನ್ ಆರಿಸಿ ನೋಡಬೇಕು.

ಈ ಹಂತಕ್ಕೆ ಬಂದ ಕೋಳಿಗೆ ಆಂಟಿಬಯೋಟಿಕ್ ಫಲ ಕೊಡುವುದು ಅಪರೂಪ, ಸತ್ತ ಮೂಳೆಗೆ ರಕ್ತ ಹೋಗದು, ಔಷಧವೂ ಹೋಗದು. ಅಂಗಡಿಯವರ ಮಾತಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ತರಬಾರದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಪಶುವೈದ್ಯರು ಬರೆದುಕೊಟ್ಟ ಔಷಧವನ್ನೂ ಮಾರಾಟಕ್ಕೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಯೇ ಕೊಡಬೇಕು.

ಕೋಳಿ ಬಾಲದ ಮೇಲೆ ಕೂತು ಎರಡೂ ಕಾಲನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಸರಿಯುತ್ತಿದ್ದರೆ ತೊಂದರೆ ಕಾಲಿನದಲ್ಲ, ಬೆನ್ನುಮೂಳೆ ಜಾರಿ ನರ ಅದುಮಿದೆ. ಅದಕ್ಕೆ ಚಿಕಿತ್ಸೆಯಿಲ್ಲ, ನೋವಿಲ್ಲದಂತೆ ಬೇಗ ಕೊನೆಗಾಣಿಸುವುದೇ ದಯೆ.

ಇಲ್ಲಿ ಪರೀಕ್ಷೆ ನಿಲ್ಲಿಸಿ, ಪಶುವೈದ್ಯರನ್ನು ಕರೆಯಿರಿ

ಕುಂಟಿನ ಜೊತೆಗೆ ಕತ್ತು ತಿರುಚುವುದು, ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು ಕಂಡರೆ ಕೊಕ್ಕರೆ ರೋಗದ (ರಾಣಿಖೇತ್) ಸಂಶಯ. ಜುಟ್ಟು ನೀಲಿಗಟ್ಟಿ, ಮುಖ ಊದಿ, ಒಂದೆರಡು ದಿನದಲ್ಲಿ ಸಾವು ಸಾಲುಗಟ್ಟಿದರೆ ಹಕ್ಕಿಜ್ವರವೂ ಆಗಿರಬಹುದು, ಅದು ಮನುಷ್ಯರಿಗೂ ತಗಲಬಲ್ಲದು. ಆಗ ಯಾವ ಕೋಳಿಯನ್ನೂ ಕೊಯ್ಯಬಾರದು, ಮಾರಬಾರದು, ಹೊಳೆಗೆ ಎಸೆಯಬಾರದು. ಶೆಡ್ಡಿಗೆ ಬೇರೆಯವರನ್ನು ಬಿಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು, ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯೂ ಇದೆ. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಮಲಗುವುದು ಮ್ಯಾರೆಕ್ಸ್ ರೋಗದ ಗುರುತು. ಆರು ವಾರದೊಳಗೆ ಮಾರುವ ಬ್ರಾಯ್ಲರಿಗಿಂತ ಹೆಚ್ಚು ಕಾಲ ಸಾಕುವ ಕೋಳಿಗಳಲ್ಲಿ ಅದು ಸಾಮಾನ್ಯ. ಸತ್ತವನ್ನು ಬಾವಿಯಿಂದ ದೂರ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನಮ್ಮ ಚಿರೇಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುವ ಕಾರಣ ಈ ದೂರದಲ್ಲಿ ರಿಯಾಯಿತಿ ಸಲ್ಲದು.

ಎಲ್ಲ ಸರಿ ಇದ್ದೂ ಕುಂಟು ಉಳಿದರೆ: ತಳಿಯ ಪಾಲು

ಮೇವು, ನೀರು, ಹಾಸು, ಬೆಳಕು ಸರಿಯಿದ್ದು, ಅದೇ ಹ್ಯಾಚರಿಯ ಅದೇ ದಿನದ ಮರಿಗಳು ಬೇರೆ ಬೇರೆ ಶೆಡ್ಡುಗಳಲ್ಲಿ ಒಂದೇ ಬಗೆಯ ದೋಷ ತೋರಿದರೆ, ಆಗ ಮರಿಯ ಮೂಲವನ್ನು ಪ್ರಶ್ನಿಸಲು ಆಧಾರ ಸಿಕ್ಕಿದಂತೆ. ರಕ್ತ ಪರೀಕ್ಷೆ ಮಾಡಿಸಿ ವಂಶವಾಹಿ ಗುರುತು ನೋಡಬಹುದೇ ಎಂದು ಈಗ ಕೆಲವರು ಕೇಳುತ್ತಾರೆ. ಮಾದರಿ ತೆಗೆಯುವುದು ಕಷ್ಟವಲ್ಲ: ಕೋಳಿಯ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದರಿಂದ ಒಂದು ಹನಿ ರಕ್ತದಲ್ಲೂ ಬೇಕಾದಷ್ಟು ಡಿಎನ್ಎ ಸಿಗುತ್ತದೆ. ಕಷ್ಟ ಇರುವುದು ಉತ್ತರ ಓದುವುದರಲ್ಲಿ.

ಕೋಳಿಯ ಜೀನೋಮ್, ಅಂದರೆ ಅದರ ಡಿಎನ್ಎಯ ಪೂರ್ಣ ನಕ್ಷೆ, 2004ರಲ್ಲಿ ಪ್ರಕಟವಾಯಿತು, 2013ರ ಹೊತ್ತಿಗೆ ಸುಮಾರು ಆರು ಲಕ್ಷ ಗುರುತುಗಳನ್ನು ಒಮ್ಮೆಗೇ ಓದುವ ಚಿಪ್ ಬಂದಿತು. ಒಂದೇ ವಂಶವಾಹಿ ದೊಡ್ಡ ಪರಿಣಾಮ ಮಾಡುವ ಉದಾಹರಣೆ ಇದೆ: ಝಡ್ ಕ್ರೋಮೋಸೋಮಿನಲ್ಲಿರುವ ಬೆಳವಣಿಗೆ ಹಾರ್ಮೋನ್ ಗ್ರಾಹಕದ ವಂಶವಾಹಿ ಕೆಟ್ಟರೆ ಕೋಳಿ ಕುಳ್ಳಾಗುತ್ತದೆ. ಆದರೆ ಸಾಮಾನ್ಯ ಬ್ರಾಯ್ಲರಿನ ತೂಕ ಹಾಗಲ್ಲ. 1ನೇ ಕ್ರೋಮೋಸೋಮಿನ ಐಜಿಎಫ್1 ಎಂಬ ವಂಶವಾಹಿ, 4ನೇ ಕ್ರೋಮೋಸೋಮಿನ ಎಲ್‌ಸಿಒಆರ್‌ಎಲ್ ವಂಶವಾಹಿಯ ಸುತ್ತಲಿನ ಭಾಗ ಮುಂತಾದವು ತೂಕದೊಂದಿಗೆ ನಂಟು ತೋರಿದ್ದರೂ, ತೂಕ ಮತ್ತು ಕಾಲಿನ ಬಲ ಎರಡೂ ಅಸಂಖ್ಯ ಸಣ್ಣ ಪರಿಣಾಮಗಳ ಮೊತ್ತ. ಕಾಲಿನ ದೋಷಗಳು ವಂಶದಿಂದ ಇಳಿಯುವ ಪ್ರಮಾಣ ಕಡಿಮೆಯಿಂದ ಮಧ್ಯಮ. ಒಂದು ಕೋಳಿಯ ಒಂದು ಗುರುತು ನೋಡಿ ಇದು ಕುಂಟುತ್ತದೆ ಎನ್ನಲು ಬಾರದು. ಹಾಗೆಂದು ಹೇಳಿ ಹಣ ಕೇಳುವವರನ್ನು ನಂಬಬಾರದು.

ಈ ಗುರುತುಗಳು ಉಪಯೋಗಕ್ಕೆ ಬರುವುದು ತಳಿ ಬೆಳೆಸುವವರಿಗೆ. ಭಾರ ಮತ್ತು ಕಾಲಿನ ದೋಷದ ನಡುವಿನ ವಂಶೀಯ ನಂಟು ಪ್ರತಿಕೂಲವಾದರೂ ಬಲವಾದುದಲ್ಲ; ಆದ್ದರಿಂದ ನಡಿಗೆಯ ಅಂಕ, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣದ ಚಿತ್ರ ಮತ್ತು ಜೀನೋಮ್ ಗುರುತು ಮೂರನ್ನೂ ಕೂಡಿಸಿ, ತೂಕವನ್ನೂ ಮೂಳೆಯನ್ನೂ ಒಟ್ಟಿಗೆ ಸುಧಾರಿಸುವ ಆಯ್ಕೆ ಸಾಧ್ಯವಾಗಿದೆ. ಆದರೆ ಮೂಲ ತಳಿಯಲ್ಲಿ ಇಂದು ಮಾಡಿದ ಆಯ್ಕೆ ಅಜ್ಜಿ ಕೋಳಿ, ತಾಯಿ ಕೋಳಿಗಳನ್ನು ದಾಟಿ ನಮ್ಮ ಶೆಡ್ಡಿನ ಮರಿಗೆ ತಲುಪಲು ವರ್ಷಗಳು ಬೇಕು. ಸ್ವಂತಕ್ಕೆ ಸಾಕುವವರಿಗೆ ಬೇರೆ ದಾರಿಯೂ ಇದೆ: ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ನಿಧಾನ ಬೆಳವಣಿಗೆಯ ತಳಿಗಳಲ್ಲಿ ಭಾರಕ್ಕೆ ಕಾಲು ಬಾಗುವುದು ಕಡಿಮೆ, ಆದರೆ ಆರು ವಾರದಲ್ಲಿ ಬ್ರಾಯ್ಲರಿನ ತೂಕವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ.

ಸಹಾಯ ಕೇಳಲು ಹೋಗುವಾಗ

ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗಾಗಲಿ, ಕಂಪನಿಯ ವೈದ್ಯರಿಗಾಗಲಿ "ಕುಂಟುತ್ತಿವೆ" ಎಂದಷ್ಟೇ ಹೇಳಿದರೆ ಅವರೂ ಊಹೆಯನ್ನೇ ಹೇಳಬೇಕಾಗುತ್ತದೆ. ಮರಿ ಬಂದ ದಿನಾಂಕ, ಹ್ಯಾಚರಿಯ ಚೀಟಿ, ವಾರದ ತೂಕ, ನಡಿಗೆಯ ಅಂಕ, ದಿನದ ಸಾವು, ಮೇವಿನ ಚೀಲದ ಬ್ಯಾಚ್ ಸಂಖ್ಯೆ, ಕೊಟ್ಟ ಔಷಧಗಳ ಪಟ್ಟಿ ಜೊತೆಗಿರಬೇಕು. ಕುಂಟುವ ಮೂರ್ನಾಲ್ಕು ಜೀವಂತ ಕೋಳಿಗಳನ್ನು ತೋರಿಸುವುದು, ಗಂಟೆಗಟ್ಟಲೆ ಹಿಂದೆ ಸತ್ತು ಕೊಳೆತವನ್ನು ಒಯ್ಯುವುದಕ್ಕಿಂತ ಎಷ್ಟೋ ಮೇಲು, ಆದರೆ ಶೆಡ್ಡಿನಿಂದ ಕೋಳಿ ಹೊರಡಿಸುವ ಮೊದಲು ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಮೇವಿನ ಮಾದರಿಯನ್ನು ಬೇರೆ ಬೇರೆ ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಒಣ ಕಾಗದದ ಲಕೋಟೆಯಲ್ಲಿ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ದಾರಿಯಲ್ಲೇ ಬೂಷ್ಟು ಹುಟ್ಟಿ ಪರೀಕ್ಷೆಯ ಫಲಿತಾಂಶ ಕೆಡುತ್ತದೆ. ಅದೇ ಮಾದರಿಯ ಇನ್ನೊಂದು ಪಾಲನ್ನು ದಿನಾಂಕ ಬರೆದು, ವರದಿ ಬರುವವರೆಗೆ ಒಣ ಜಾಗದಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ.